ಇಂಡಿಯ ಕಾಗದ ಮುದ್ದೇಬಿಹಾಳದಲ್ಲಿ

ನಮ್ಮ ವಿಮಾ ಕಂಪನಿಯ ಜಿಲ್ಲಾ ಕಚೇರಿಯಲ್ಲಿ ಕಂಪ್ಯೂಟರ್ ವಿಭಾಗ ಅಂದರೆ ನಾನೊಬ್ಬಳೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರಿನ ಶಾಖೆಗಳಲ್ಲಿ ಯಾವ ಪರದೆ ಕಪ್ಪಾದರೂ, ಯಾವ ಪ್ರಿಂಟರ್ ಕಾಗದ ನುಂಗಿದರೂ ಫೋನು ಬರುವುದು ನನಗೇ. ಇಪ್ಪತ್ತು ವರ್ಷಕ್ಕೂ ಮೇಲೆ ಈ ಕೆಲಸ ಮಾಡಿದ್ದೇನೆ. ಕೆಂಪು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು, ತೊಡೆಯ ಮೇಲೆ ಸ್ಕ್ರೂಡ್ರೈವರ್ ಇರುವ ಚೀಲ, ಅದೇ ನನ್ನ ಕಚೇರಿ. ಕೆಲಸ ಬೇಡ ಅನ್ನಿಸಿದ ದಿನಗಳು ಕಡಿಮೆ. ಆದರೆ ಹಳೆಯ ಲೈನು ತೆಗೆದು ಹೊಸ ನೆಟ್‌ವರ್ಕ್ ಹಾಕಿದ ಆ ಐದು ತಿಂಗಳು ನೆನಪಾದರೆ ಇವತ್ತಿಗೂ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ.

ನಮ್ಮ ದಾಖಲೆಗಳೆಲ್ಲ ಇರುವುದು ಮುಂಬೈಯ ಮುಖ್ಯ ಕಚೇರಿಯ ಒಂದು ದೊಡ್ಡ ಕಂಪ್ಯೂಟರಿನಲ್ಲಿ. ಮೇನ್‌ಫ್ರೇಮ್ ಅನ್ನುತ್ತಾರೆ. ಅದರಲ್ಲಿ ಓಡುವ ಪ್ರೋಗ್ರಾಂ ನಾನು ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಬರೆದದ್ದು. ಕಪ್ಪು ಪರದೆ, ಹಸಿರು ಅಕ್ಷರ. ಮೌಸ್ ಇಲ್ಲ, ಚಿತ್ರ ಇಲ್ಲ. ಹೊಸಬರು ನೋಡಿದರೆ ನಗುತ್ತಾರೆ. ಆದರೆ ಅದು ತಾನಾಗಿ ಕೆಟ್ಟು ನಿಂತದ್ದು ನನಗೆ ನೆನಪಿಲ್ಲ. ಮೊದಲು ಪ್ರತಿ ಶಾಖೆಯಿಂದ ಮುಂಬೈ ತನಕ ಬಾಡಿಗೆಗೆ ಪಡೆದ ಒಂದು ಪ್ರತ್ಯೇಕ ಟೆಲಿಫೋನ್ ಲೈನು ಇತ್ತು. ಅದರ ತುದಿಯಲ್ಲಿ ಟರ್ಮಿನಲ್ ಅನ್ನುವ ಪರದೆ ಮತ್ತು ಕೀಲಿಮಣೆ. ಪ್ರತಿ ಟರ್ಮಿನಲ್ಲಿಗೂ ಒಂದು ಹೆಸರು. ಆ ಹೆಸರು ಎಂದೂ ಬದಲಾಗುತ್ತಿರಲಿಲ್ಲ. ಇಂಡಿಯ ಎರಡನೇ ಮೇಜು ಅಂದರೆ ಇಂಡಿಯ ಎರಡನೇ ಮೇಜೇ. ಆ ಹೆಸರಿನಿಂದ ಪ್ರಿಂಟ್ ಕೇಳಿದರೆ ಯಾವ ಪ್ರಿಂಟರಿಗೆ ಕಳಿಸಬೇಕು ಅನ್ನುವುದನ್ನು ಪ್ರೋಗ್ರಾಂ ಬರೆದವರು ಹೆಸರಿಗೇ ಗಂಟುಹಾಕಿದ್ದರು.

ಆ ಲೈನುಗಳನ್ನು ಇನ್ನು ಮುಂದೆ ರಿಪೇರಿ ಮಾಡುವುದಿಲ್ಲ ಎಂದು ಟೆಲಿಫೋನಿನವರು ಹೇಳಿಬಿಟ್ಟರು. ಮುಖ್ಯ ಕಚೇರಿಯಿಂದ ಆದೇಶ ಬಂತು. ನಾಲ್ಕೂ ಶಾಖೆಗಳಿಗೆ ಹೊಸ ಐಪಿ ನೆಟ್‌ವರ್ಕ್, ಅಂದರೆ ಇಂಟರ್‌ನೆಟ್ ಓಡುವ ರೀತಿಯದ್ದೇ. ಟರ್ಮಿನಲ್ ತೆಗೆದು ಸಾಮಾನ್ಯ ಕಂಪ್ಯೂಟರ್ ಇಡುವುದು, ಅದರಲ್ಲಿ ಹಳೆಯ ಹಸಿರು ಪರದೆಯನ್ನೇ ತೋರಿಸುವ ಒಂದು ಸಾಫ್ಟ್‌ವೇರ್ ಹಾಕುವುದು. ಮುಂಬೈಯ ಪ್ರೋಗ್ರಾಮಿನಲ್ಲಿ ಮಾತ್ರ ಒಂದಕ್ಷರವನ್ನೂ ಮುಟ್ಟುವಂತಿಲ್ಲ. ಅದಕ್ಕೆ ತಾನು ಈಗಲೂ ಹಳೆಯ ಲೈನಿನ ಮೇಲೇ ಮಾತಾಡುತ್ತಿದ್ದೇನೆ ಅನ್ನಿಸಬೇಕು.

ಮೊದಲ ಊರು ಇಂಡಿ. ಅಲ್ಲಿಯ ಹಿರಿಯ ಗುಮಾಸ್ತರು ನಾನು ಕೆಲಸಕ್ಕೆ ಸೇರಿದಾಗ ಆ ಹಸಿರು ಪರದೆಯನ್ನು ನನಗೆ ಕಲಿಸಿದವರು. ನನ್ನನ್ನು ಮೇಡಂ ಅಂದವರೇ ಅಲ್ಲ, ತಂಗಿ ಅನ್ನುತ್ತಾರೆ. ನಾನು ಅವರನ್ನು ಅಣ್ಣಾರ ಅನ್ನುತ್ತೇನೆ. ಹಳೆಯ ಕೀಲಿಮಣೆಯಲ್ಲಿ ಎಂಟರ್ ಕೀಲಿ ಬಲಗಡೆ ಕೆಳಗೆ, ಹೆಬ್ಬೆರಳಿಗೆ ಸಿಗುವ ಜಾಗದಲ್ಲಿತ್ತು. ಹೊಸದರಲ್ಲಿ ಅಲ್ಲಿ ಇರುವುದು ಬೇರೆ ಕೀಲಿ. ಅವರು ಒತ್ತುತ್ತಲೇ ಇದ್ದರು, ಪರದೆ ಸುಮ್ಮನೆ ಇತ್ತು.

"ಇದರವ್ವನ! ಕೈಗೆ ಗೊತ್ತೈತಿ, ಕಣ್ಣಿಗೆ ಗೊತ್ತಿಲ್ಲ. ಈಗ ಕೈನ್ನ ಮತ್ತ ಸಾಲಿಗೆ ಕಳಸ್ಬೇಕೇನವಾ?" ಅಂದರು.

ಆ ಕೀಲಿಯನ್ನೇ ಎಂಟರ್ ಆಗುವಂತೆ ಸಾಫ್ಟ್‌ವೇರಿನಲ್ಲಿ ಬದಲಿಸಿಕೊಟ್ಟೆ. ಸಂಜೆಯ ತನಕ ಎಲ್ಲ ಸರಿಯಾಗಿ ನಡೆಯಿತು. ಮಿರ್ಚಿ ಭಜಿ, ಚಹಾ ತರಿಸಿದರು. ಖುಷಿಯಿಂದ ಊರಿಗೆ ಮರಳಿದೆ.

ಮರುದಿನ ಹನ್ನೊಂದು ಗಂಟೆಗೆ ಫೋನು. "ತಂಗಿ, ನಿಂತ ಬಿಟ್ಟೈತಿ ನೋಡವಾ. ಒಳಗ ಫೈಲ್ ಹುಡುಕಾಕ ಹೋಗಿದ್ದೆ. ಬಂದು ನೋಡಿದ್ರ ಅಕ್ಷರ ಎಲ್ಲಾ ಹಂಗ ಅದಾವು, ಆದ್ರ ಏನ್ ಒತ್ತಿದ್ರೂ ಅಲ್ಲಾಡಂಗಿಲ್ಲ."

ಮುಚ್ಚಿ ಮತ್ತೆ ತೆರೆಯಿರಿ ಅಂದೆ. ತೆರೆದುಕೊಂಡಿತು. ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ಮತ್ತೆ ನಿಂತಿತ್ತು. ಅದೇ ವಾರ ಸಿಂದಗಿ, ಮರುವಾರ ಬಾಗೇವಾಡಿ, ಮುದ್ದೇಬಿಹಾಳ. ಹೊಸ ನೆಟ್‌ವರ್ಕ್ ಹಾಕಿದ ಕಡೆಯಲ್ಲೆಲ್ಲ ಅದೇ ಕಥೆ.

ಮುಖ್ಯ ಕಚೇರಿಯ ನೆಟ್‌ವರ್ಕ್ ವಿಭಾಗಕ್ಕೆ ದೂರು ಬರೆದೆ. ಅಲ್ಲಿಯ ಅಧಿಕಾರಿ ಚಿಕ್ಕ ವಯಸ್ಸಿನವರು, ಇಂಗ್ಲಿಷಿನಲ್ಲಿ ಬಹಳ ನಯವಾಗಿ ಮಾತಾಡುವವರು. ಕೇಬಲ್ ಸಡಿಲವಾಗಿದೆಯೇ ನೋಡಿ ಅಂದರು. ನೋಡಿದೆ, ಬಿಗಿಯಾಗಿತ್ತು. ಅರ್ಥಿಂಗ್ ಸರಿಯಿದೆಯೇ ನೋಡಿ ಅಂದರು. ನಾಲ್ಕೂ ಊರಿಗೆ ಎಲೆಕ್ಟ್ರಿಷಿಯನ್ನನ್ನು ಕರೆದುಕೊಂಡು ಹೋದೆ, ಸರಿಯಿತ್ತು. ನಿಮ್ಮ ಕಡೆ ಧೂಳು ಹೆಚ್ಚಲ್ಲವೇ ಅಂದರು. ಧೂಳು ಹೆಚ್ಚೇ. ಆದರೆ ನಾಲ್ಕು ಊರಿನ ಧೂಳು ಒಟ್ಟಿಗೆ ಸೇರಿ ಗುಮಾಸ್ತರು ಊಟಕ್ಕೆ ಎದ್ದ ಹೊತ್ತನ್ನೇ ನೋಡಿ ಕಂಪ್ಯೂಟರಿನೊಳಗೆ ಹೋಗುತ್ತದೆಯೇ? ಅದನ್ನು ಕೇಳಲಿಲ್ಲ. ಕೇಬಲ್ ಬದಲಿಸಿ ಎಂದು ಬರೆದು ಅವರು ನನ್ನ ದೂರನ್ನು ಮುಚ್ಚಿಬಿಟ್ಟರು. ನಾನು ಮತ್ತೆ ತೆರೆದೆ. ಅವರು ಮತ್ತೆ ಮುಚ್ಚಿದರು.

ಒಂದು ದಿನ ಸಿಂದಗಿಗೆ ಹೋಗಿ, ಒಂದು ಕಂಪ್ಯೂಟರಿನ ಮುಂದೆ ಕೈಗಡಿಯಾರ ಬಿಚ್ಚಿಟ್ಟು ಸುಮ್ಮನೆ ಕುಳಿತೆ. ಏನೂ ಮುಟ್ಟಲಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ಒಂದು ಕೀಲಿ ಒತ್ತಿದೆ, ಜೀವ ಇತ್ತು. ಇಪ್ಪತ್ತೈದು ನಿಮಿಷ ಬಿಟ್ಟು ನೋಡಿದೆ, ಇತ್ತು. ಮೂವತ್ತೊಂದು ನಿಮಿಷ ಬಿಟ್ಟೆ, ಸತ್ತಿತ್ತು. ಇನ್ನೊಮ್ಮೆ ಮಾಡಿದೆ, ಅದೇ. ಇಡೀ ದಿನ ಮಾಡಿದೆ. ಅಲ್ಲಿಯ ಗುಮಾಸ್ತೆ ನನ್ನನ್ನು ಕನಿಕರದಿಂದ ನೋಡುತ್ತಿದ್ದಳು.

"ಮೇಡಂ, ನಿಮಗ ಆರಾಮ ಐತೇನ್ರಿ? ಮುಂಜಾನಿಂದ ಗಡಿಯಾರನ ನೋಡಾಕತ್ತೀರಿ."

"ನನಗ ಆರಾಮ ಐತಿ. ಇದಕ್ಕ ಆರಾಮ ಇಲ್ಲ. ಅರ್ಧ ತಾಸು ಸುಮ್ಮನ ಬಿಟ್ರ ಸಾಯ್ತೈತಿ ಇದು."

ಅವಳು ಅಂದಿನಿಂದಲೇ ಒಂದು ಉಪಾಯ ಮಾಡಿದಳು. ಎಲ್ಲಿಗೆ ಎದ್ದು ಹೋದರೂ ಇಪ್ಪತ್ತು ನಿಮಿಷಕ್ಕೊಮ್ಮೆ ಓಡಿ ಬಂದು ಒಂದು ಕೀಲಿ ಒತ್ತಿ ಹೋಗುವುದು. "ಚಹಾ ಕುಡಿಯಾಕೂ ಬಿಡಂಗಿಲ್ರಿ ಇದು, ತೊಟ್ಟಲಕೂಸು ಆಗೈತಿ," ಅಂದಳು.

ಇದನ್ನೆಲ್ಲ ನಿಮಿಷ ನಿಮಿಷ ಬರೆದು ಮುಖ್ಯ ಕಚೇರಿಗೆ ಕಳಿಸಿದೆ. ಉತ್ತರ ಬರಲು ಎರಡು ವಾರ ಬೇಕಾಯಿತು. ನಮ್ಮ ಉಪಕರಣಗಳೆಲ್ಲ ನಿಯಮದ ಪ್ರಕಾರವೇ ಇವೆ, ಶಾಖೆಯ ಕೇಬಲ್ ಇನ್ನೊಮ್ಮೆ ಪರೀಕ್ಷಿಸಿ ಎಂದಿತ್ತು.

ಆ ಹೊತ್ತಿಗೆ ಇದಕ್ಕಿಂತ ಕೆಟ್ಟದ್ದೊಂದು ಶುರುವಾಗಿತ್ತು. ನನಗೆ ಅದು ತಿಳಿದದ್ದು ಇಂಡಿ ಕಡೆಯ ತಾಂಬಾ ಎಂಬ ಊರಿನ ಒಬ್ಬ ಹೆಣ್ಣುಮಗಳಿಂದ.

ಆಕೆಯ ವಿಮಾ ಪತ್ರದಲ್ಲಿ ಹೆಸರು ತಪ್ಪಾಗಿತ್ತು. ಒಂದೇ ಒಂದು ಅಕ್ಷರ, ಆದರೆ ಅದರಿಂದ ಆಕೆ ಬೇರೆ ಯಾರೋ ಆಗಿಬಿಟ್ಟಿದ್ದಳು. ಆಧಾರ್ ಕಾರ್ಡಿಗೆ ಹೊಂದುತ್ತಿರಲಿಲ್ಲ. ಸರಿಪಡಿಸಿದ ಪತ್ರಕ್ಕೆ ಅರ್ಜಿ ಕೊಟ್ಟಿದ್ದಳು. ನಮ್ಮ ಪ್ರೋಗ್ರಾಮಿನಲ್ಲಿ ಅಸಲು ಪತ್ರವನ್ನು ಒಮ್ಮೆ ಮಾತ್ರ ಪ್ರಿಂಟ್ ಮಾಡಬಹುದು. ಎರಡನೇ ಸಲ ಬೇಕಾದರೆ ಮುಂಬೈಯಿಂದ ಮಂಜೂರಾತಿ ಬರಬೇಕು. ಇಂಡಿಯ ಅಣ್ಣಾರು ಪ್ರಿಂಟ್ ಕೊಟ್ಟರು, ಪ್ರಿಂಟ್ ಆಯಿತು ಎಂದು ಪರದೆ ಹೇಳಿತು, ಕಾಗದ ಮಾತ್ರ ಬರಲಿಲ್ಲ. ಪ್ರಿಂಟರ್ ಕೆಟ್ಟಿರಬೇಕು, ಮುಂದಿನ ವಾರ ಬರ್ರಿ ಅಂದಿದ್ದರು. ಮುಂದಿನ ವಾರ ಬಂದಾಗಲೂ ಕಾಗದ ಇರಲಿಲ್ಲ. ಮೂರನೇ ಸಲ ಆಕೆ ಬಂದ ದಿನ ನಾನೂ ಇಂಡಿಯಲ್ಲಿದ್ದೆ.

ಸುಮಾರು ಐವತ್ತರ ಹೆಂಗಸು. ಕೌಂಟರಿನ ಮೇಲೆ ಎರಡೂ ಕೈ ಊರಿ ನಿಂತು ಮಾತಾಡಿದಳು. ಕಚೇರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಏನ್ರೀ, ಕಂಪ್ಯೂಟರ್ ಕೊಟ್ಟೇನಿ ಅಂತೈತಿ, ನೀವು ಬಂದಿಲ್ಲ ಅಂತೀರಿ. ನಿಮ್ಮಿಬ್ಬರ ಜಗಳ ನೀವ್ ನಿಮ್ಮೊಳಗ ಮುಗಿಸ್ಕೋರಿ. ನಾ ಯಾಕ ಮೂರು ಸರ್ತಿ ಕೆಲಸ ಬಿಟ್ಟು ಬರ್ಬೇಕು?"

ಅಣ್ಣಾರು ತಲೆ ತಗ್ಗಿಸಿದರು. ಆ ಮೇಜಿನ ಹಿಂದೆ ಅವರು ತಲೆ ತಗ್ಗಿಸಿದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. "ತಪ್ಪಾಗೈತ್ರಿ ಯವ್ವಾ," ಅಂದರು. ಅವರದೇನೂ ತಪ್ಪಿರಲಿಲ್ಲ.

ನಾನು ಒಳಗೆ ಹೋಗಿ ಉಳಿದ ಶಾಖೆಗಳಿಗೆ ಫೋನು ಮಾಡಿದೆ. ಯಾಕೆ ಹೊಳೆಯಿತೋ ಗೊತ್ತಿಲ್ಲ, ನಿಮ್ಮ ಪ್ರಿಂಟರಿನಲ್ಲಿ ನಿಮ್ಮದಲ್ಲದ ಕಾಗದವೇನಾದರೂ ಬರುತ್ತಿದೆಯೇ ಎಂದು ಕೇಳಿದೆ. ಸಿಂದಗಿಯಲ್ಲಿ ಇಲ್ಲ. ಬಾಗೇವಾಡಿಯಲ್ಲಿ ಇಲ್ಲ. ಮುದ್ದೇಬಿಹಾಳದ ಗುಮಾಸ್ತೆ ಮಾತ್ರ ತಣ್ಣಗೆ ಹೇಳಿದಳು, "ಹೌದ್ರಿ ಮೇಡಂ, ಒಂದು ಕಟ್ಟು ಅದಾವು. ಯಾವುದ್ಯಾವುದೋ ಊರಿನವು. ಕಸಕ್ಕ ಹಾಕಾಕ ಮನಸ್ಸಾಗಲಿಲ್ಲ, ಕಪಾಟಿನ್ಯಾಗ ಇಟ್ಟೇನಿ."

"ಒಂದು ಮಾತು ಹೇಳ್ಬಾರದೇನವಾ?"

"ಯಾರಿಗಂತ ಹೇಳ್ಲಿರಿ? ಕೇಬಲ್ ನೋಡ್ರಿ ಅಂತಾರ."

ಫೋನು ಇಟ್ಟು ಚೀಲ ಎತ್ತಿಕೊಂಡೆ.

ಮುದ್ದೇಬಿಹಾಳಕ್ಕೆ ಹೋಗಿ ಆ ಕಟ್ಟು ಬಿಚ್ಚಿದೆ. ಇಂಡಿಯವು, ಸಿಂದಗಿಯವು, ಬಾಗೇವಾಡಿಯವು. ಕನ್ನೊಳ್ಳಿಯವರದು ಎರಡು, ಹೂವಿನ ಹಿಪ್ಪರಗಿಯವರದು ಒಂದು. ತಾಂಬಾದ ಹೆಣ್ಣುಮಗಳ ಪತ್ರ ನಡುವೆ ಎಲ್ಲೋ ಇತ್ತು, ಹೆಸರು ಸರಿಯಾಗಿ ಅಚ್ಚಾಗಿತ್ತು. ಅಲ್ಲಿಂದ ಬಾಗೇವಾಡಿ, ಅಲ್ಲಿಂದ ಸಿಂದಗಿ, ಅಲ್ಲಿಂದ ಇಂಡಿ ಎಂದು ಬಸ್ಸಿನಲ್ಲಿ ಆ ಕಾಗದಗಳನ್ನು ಹಂಚುತ್ತ ಹೋದೆ. ಕನ್ನೊಳ್ಳಿ ಹತ್ತಿರ ಬಸ್ಸು ಕೆಟ್ಟು ನಿಂತಿತು. ಒಂದು ತಾಸು ಬಿಸಿಲಲ್ಲಿ, ರಸ್ತೆಯ ಬದಿಯ ಜಾಲಿಯ ನೆರಳಲ್ಲಿ ನಿಂತು ಯೋಚಿಸಿದೆ. ಮುಂಬೈಯಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಅಕ್ಷರ ಬರುವ ನೆಟ್‌ವರ್ಕ್ ಹಾಕಿದ್ದೇವೆ, ಕಾಗದ ಮಾತ್ರ ನನ್ನ ಚೀಲದಲ್ಲಿ ಕೂತು ಬಸ್ಸಿನಲ್ಲಿ ಹೋಗುತ್ತಿದೆ.

ತಾಂಬಾಕ್ಕೆ ನಾನೇ ಹೋದೆ. ಆಕೆಯ ಮಗಳು ಪತ್ರವನ್ನು ಕೈಗೆ ತೆಗೆದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಸರಿಯಾಗಿತ್ತು. ತಾಯಿ ಅದನ್ನು ಮಡಿಸಲಿಲ್ಲ, ನನ್ನನ್ನೇ ನೋಡಿದಳು.

"ಇದು ಅವತ್ತ ತಯಾರಾಗಿತ್ತೇನ್ರಿ?"

"ಹೌದ್ರಿ. ಮೊದಲನೇ ಸರ್ತಿನ ಆಗಿತ್ತು. ಬ್ಯಾರೆ ಊರಾಗ ಬಿತ್ತು."

"ಬ್ಯಾರೆ ಊರಾಗ ಯಾಕ ಬೀಳ್ತೈತ್ರಿ?"

ಹೇಳಲು ಪ್ರಯತ್ನಿಸಿದೆ. ಅರ್ಧಕ್ಕೆ ನನಗೇ ಗೊತ್ತಿಲ್ಲ ಎಂದು ಅರಿವಾಗಿ ನಿಲ್ಲಿಸಿದೆ. ಆಕೆ ಬೈಯಲಿಲ್ಲ. ನೀರು ಕೊಟ್ಟಳು, ಸಜ್ಜಿರೊಟ್ಟಿ ತಿಂದು ಹೋಗಿ ಅಂದಳು. ಬೈದಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ಮರುದಿನ ನೆಟ್‌ವರ್ಕ್ ವಿಭಾಗವನ್ನು ಬಿಟ್ಟು, ಆ ದೊಡ್ಡ ಕಂಪ್ಯೂಟರನ್ನು ನೋಡಿಕೊಳ್ಳುವವರು ಯಾರು ಎಂದು ವಿಚಾರಿಸಿದೆ. ನಾಲ್ಕು ಜನರಿಗೆ ಫೋನು ಮಾಡಿದ ಮೇಲೆ ಒಬ್ಬರು ಸಿಕ್ಕರು. ನಿವೃತ್ತಿಗೆ ಹತ್ತಿರವಾದ ಧ್ವನಿ, ಇಂಗ್ಲಿಷ್ ಮಾತಾಡುವ ಧಾಟಿಯಲ್ಲೇ ಮರಾಠಿಯವರು ಎಂದು ತಿಳಿಯಿತು. ನಮ್ಮ ಮನೆಯಲ್ಲಿ ಅರ್ಧ ಮಾತು ಮರಾಠಿಯೇ. ನಾನು ಮರಾಠಿಗೆ ತಿರುಗಿದ ಕೂಡಲೇ ಅವರು "ಬೋಲಾ ತಾಈ" ಅಂದರು, ಹೇಳಿ ಅಕ್ಕಾ ಎಂದು. ಆ ಐದು ತಿಂಗಳಲ್ಲಿ ಮುಂಬೈಯ ಕಚೇರಿಯಿಂದ ನನಗೆ ಹೇಳು ಅಂದವರು ಅವರೊಬ್ಬರೇ.

ಇಂಡಿಯ ಎರಡನೇ ಮೇಜಿನ ಪರದೆ ಈಗ ಸತ್ತಿದೆ, ನಿಮಗೆ ಅಲ್ಲಿ ಏನು ಕಾಣುತ್ತದೆ ಎಂದು ಕೇಳಿದೆ. ನೋಡಿದರು. "ನನ್ನ ಕಡೆ ಜೀವಂತವಾಗಿಯೇ ಇದೆ. ನೀವು ಹೋದಿರಿ ಎಂದು ನನಗೆ ಯಾರೂ ಹೇಳಿಲ್ಲ," ಅಂದರು. ಆಮೇಲೆ ತಾವೇ ಬಿಡಿಸಿ ಹೇಳಿದರು. ಹಳೆಯ ಲೈನಿನಲ್ಲಿ ಎರಡು ತುದಿ, ನಡುವೆ ತಂತಿ ಮಾತ್ರ. ಹೊಸದರಲ್ಲಿ ನಡುವೆ ಫೈರ್‌ವಾಲ್ ಅನ್ನುವ ಕಾವಲು ಪೆಟ್ಟಿಗೆ ಇದೆ. ಯಾರು ಯಾರೊಂದಿಗೆ ಮಾತಾಡುತ್ತಿದ್ದಾರೆ ಎಂದು ಅದು ನೆನಪಿಟ್ಟುಕೊಳ್ಳುತ್ತದೆ. ಅರ್ಧ ತಾಸು ಯಾರೂ ಮಾತಾಡದಿದ್ದರೆ ಮಾತು ಮುಗಿಯಿತೆಂದು ಮರೆತುಬಿಡುತ್ತದೆ, ಆದರೆ ಎರಡು ತುದಿಗೂ ತಿಳಿಸುವುದಿಲ್ಲ. ಇಂಡಿಯಲ್ಲಿ ಮುಚ್ಚಿ ತೆರೆದಾಗ, ಹಳೆಯ ಹೆಸರು ಇನ್ನೂ ಬಳಕೆಯಲ್ಲಿದೆ ಎಂದು ಮುಂಬೈ ತಿಳಿದಿರುತ್ತದೆ. ಹಾಗಾಗಿ ಹೆಚ್ಚುವರಿ ಹೆಸರುಗಳ ಗುಂಪಿನಿಂದ ಒಂದನ್ನು ಕೊಡುತ್ತದೆ. ಆ ಗುಂಪಿಗೆ ಹಾಕಿದ ಹೆಸರುಗಳೋ, ಹಿಂದೆ ಮುದ್ದೇಬಿಹಾಳದಲ್ಲಿದ್ದು ಆಮೇಲೆ ತೆಗೆದುಹಾಕಿದ ಮೇಜುಗಳವು. ಪ್ರೋಗ್ರಾಂ ತನಗೆ ಕಲಿಸಿದಂತೆ ಕಾಗದವನ್ನು ಮುದ್ದೇಬಿಹಾಳಕ್ಕೆ ಕಳಿಸುತ್ತದೆ.

"ಇದಕ್ಕೆ ಔಷಧ?" ಅಂದೆ.

"ಐದು ನಿಮಿಷಕ್ಕೊಮ್ಮೆ ನನ್ನ ಕಡೆಯಿಂದ ಪ್ರತಿ ಪರದೆಗೂ 'ಇದ್ದೀರಾ' ಎಂದು ಸಣ್ಣದೊಂದು ಸಂದೇಶ ಕಳಿಸಿದರೆ ಸಾಕು. ಕಾವಲು ಪೆಟ್ಟಿಗೆಗೆ ಮಾತು ನಡೆದಿದೆ ಅನ್ನಿಸುತ್ತದೆ. ಉತ್ತರ ಬಾರದಿದ್ದರೆ ನಾನೂ ಹೆಸರನ್ನು ಬಿಟ್ಟುಕೊಡುತ್ತೇನೆ. ಪ್ರೋಗ್ರಾಮನ್ನು ಮುಟ್ಟಬೇಕಾಗಿಲ್ಲ. ಒಂದು ಅಂಕಿ ಬದಲಿಸುವ ಕೆಲಸ. ಆದರೆ ನೆಟ್‌ವರ್ಕ್ ವಿಭಾಗ ಒಪ್ಪಬೇಕು."

ಒಂದು ಅಂಕಿ. ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಒಪ್ಪಿಸಲು ಮೂರು ವಾರ ಹಿಡಿಯಿತು. ಕೊನೆಗೆ ಎಲ್ಲರೂ ಒಂದೇ ಫೋನಿನಲ್ಲಿ ಸೇರಿ ಮಾತಾಡುವುದೆಂದಾಯಿತು. ನಯವಾದ ಅಧಿಕಾರಿ ಮೊದಲು ಮಾತಾಡಿದರು. ಇಂಥ ಸಂದೇಶಗಳಿಂದ ನೆಟ್‌ವರ್ಕಿನ ಮೇಲೆ ಭಾರ ಬೀಳುತ್ತದೆ ಅಂದರು. ಒಂದು ದಿನದ ಸಂದೇಶಗಳನ್ನೆಲ್ಲ ಕೂಡಿಸಿದರೂ ನೀವು ಬೆಳಿಗ್ಗೆ ಕಳಿಸುವ ಒಂದು ಶುಭೋದಯದ ಚಿತ್ರದಷ್ಟಾಗುವುದಿಲ್ಲ ಎಂದು ಮರಾಠಿಯವರು ಹೇಳಿದರು. ಅಧಿಕಾರಿ, ಏನೇ ಇರಲಿ, ಮೊದಲು ಶಾಖೆಗಳ ಕೇಬಲ್ ಇನ್ನೊಮ್ಮೆ ಪರೀಕ್ಷಿಸುವುದು ಒಳ್ಳೆಯದು ಅಂದರು.

ನನ್ನ ಬಾಯಿಂದ ಕನ್ನಡವೇ ಬಂತು. "ಇನ್ನೊಮ್ಮೆ ಕೇಬಲ್ ಅಂದ್ರ, ನಾಲ್ಕೂ ಊರಿನ ಕೇಬಲ್ ಕಿತ್ತು ತಂದು ನಿಮ್ಮ ಟೇಬಲ್ ಮ್ಯಾಲ ಇಡ್ತೇನ್ರಿ! ಐದು ತಿಂಗಳಾತು. ಜನ ಬೈಯೋದು ನಿಮಗಲ್ಲ, ಕೌಂಟರ್‌ನ್ಯಾಗ ಕುಂತವರಿಗೆ!"

ಯಾರಿಗೂ ಅರ್ಥವಾಗಿರಲಿಕ್ಕಿಲ್ಲ, 'ಕೇಬಲ್' ಮತ್ತು 'ಟೇಬಲ್' ಬಿಟ್ಟರೆ. ಆದರೆ ಧ್ವನಿ ಅರ್ಥವಾಯಿತು. ಮರಾಠಿಯವರು ನಗು ತಡೆದುಕೊಳ್ಳುತ್ತಿದ್ದುದು ಕೇಳಿಸಿತು. ಅಧಿಕಾರಿಯ ಮೇಲಿನವರು, ಅಲ್ಲಿಯ ತನಕ ಬಾಯಿ ಬಿಡದೆ ಕುಳಿತವರು, ಇಂಡಿಯಲ್ಲಿ ಒಂದು ವಾರ ಪರೀಕ್ಷೆ ಮಾಡಿ ನೋಡಿ ಅಂದರು.

ಪರೀಕ್ಷೆಯ ದಿನ ನಾನು ಇಂಡಿಗೆ ಹೋದೆ. ಒಂದೂವರೆಗೆ ಅಣ್ಣಾರು ಪರದೆಯನ್ನು ಹಾಗೇ ಬಿಟ್ಟು ಎದ್ದರು. ಒಳಗಿನ ಕೋಣೆಯಲ್ಲಿ ಇಬ್ಬರೂ ಊಟಕ್ಕೆ ಕುಳಿತೆವು. ಅವರ ಡಬ್ಬಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಹಿಂಡಿ. ಬೇಕೆಂದೇ ನಿಧಾನವಾಗಿ ತಿಂದೆವು. ಅರ್ಧ ತಾಸಾದಾಗ ನಾನು ಏಳಹೋದೆ. "ಕುಂಡ್ರವಾ, ಬದುಕೂದಾದ್ರ ಬದುಕ್ತೈತಿ," ಎಂದು ಕೂರಿಸಿದರು. ಒಂದು ತಾಸಿನ ಮೇಲೆ ಕೈ ತೊಳೆದು ಹೋಗಿ ನೋಡಿದೆವು. ಅವರು ಹೆಬ್ಬೆರಳಿನಿಂದ ಕೀಲಿ ಒತ್ತಿದರು. ಮುಂದಿನ ಪುಟ ಬಂತು. ಪ್ರಿಂಟ್ ಕೊಟ್ಟರು. ಪಕ್ಕದಲ್ಲಿದ್ದ ಪ್ರಿಂಟರ್ ಗರಗರ ಅಂದು ಕಾಗದ ಹೊರಹಾಕಿತು.

ಅವರು ಕಾಗದವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಇಷ್ಟ ಏನವಾ?"

"ಇಷ್ಟರಿ ಅಣ್ಣಾರ."

"ಇಷ್ಟಕ್ಕ ನಾ ಅಷ್ಟು ಮಂದಿ ಕೈಲೆ ಬೈಸ್ಕೊಂಡ್ನೇನು?"

ಖುಷಿಯಾಗಬೇಕಿತ್ತು. ಇಬ್ಬರಿಗೂ ಆಗಲಿಲ್ಲ. ಅವರು ಆ ಕಾಗದವನ್ನು ಫೈಲಿಗೆ ಸೇರಿಸಿ ಮುಂದಿನ ಗಿರಾಕಿಯನ್ನು ಕರೆದರು. ಆ ತಿಂಗಳ ಕೊನೆಗೆ ಉಳಿದ ಮೂರು ಊರುಗಳಿಗೂ ಅದೇ ಅಂಕಿ ಹೋಯಿತು. ನಿಂತುಹೋಗುವುದು ತಪ್ಪಿತು, ಕಾಗದಗಳು ತಮ್ಮ ತಮ್ಮ ಊರಲ್ಲೇ ಬಿದ್ದವು.

ಆಮೇಲೆ ನೆಟ್‌ವರ್ಕ್ ವಿಭಾಗದಿಂದ ಒಂದು ಮೇಲ್ ಬಂತು, ನನ್ನ ದೂರನ್ನು ಮುಚ್ಚಲಾಗಿದೆ ಎಂದು. ಕಾರಣದ ಜಾಗದಲ್ಲಿ ಹೀಗೆ ಬರೆದಿತ್ತು: ಶಾಖೆಗಳಲ್ಲಿ ಕೇಬಲ್ ದೋಷ, ಸರಿಪಡಿಸಲಾಗಿದೆ. ಅದನ್ನು ಎರಡು ಸಲ ಓದಿದೆ. ಮನೆಗೆ ಹೊರಟವಳು ಚೀಲ ಕೆಳಗಿಟ್ಟು ಮತ್ತೆ ಕುಳಿತೆ. ಕೇಬಲ್ ದೋಷ ಯಾವ ಶಾಖೆಯಲ್ಲೂ ಇರಲಿಲ್ಲ, ಕಾರಣವನ್ನು ತಿದ್ದಿ ಎಂದು ಉತ್ತರ ಬರೆದು, ಸಿಂದಗಿಯಲ್ಲಿ ಬರೆದಿಟ್ಟ ನಿಮಿಷಗಳ ಪಟ್ಟಿಯನ್ನೂ ಜೊತೆಗೆ ಲಗತ್ತಿಸಿ ಕಳಿಸಿದೆ.

ಅವರು ತಿದ್ದಲಿಲ್ಲ. ನಾನು ತಿಂಗಳಿಗೊಮ್ಮೆ ಅದೇ ಮೇಲ್ ಇನ್ನೂ ಕಳಿಸುತ್ತಿದ್ದೇನೆ.